ಒಂದೇ ಹಾಡು, ಎರಡು ದನಿ: ಮೆಕ್ಸಿಕೊ ಮತ್ತು ಲ್ಯಾಟಿನ್ ಅಮೆರಿಕದ ಗಾಯಕಿಯರಲ್ಲಿ ಮೊದಲು ಯಾರನ್ನು ಕೇಳೋದು?

ಹೋದ ತಿಂಗಳು ಅಕ್ಕನ ಮಗಳು ಮೈಸೂರಿನಿಂದ ಫೋನ್ ಮಾಡಿದ್ದಳು. "ಚಿಕ್ಕಮ್ಮ, ನೀನು ಯಾವಾಗಲೂ ಆ ಸ್ಪ್ಯಾನಿಷ್ ಹಾಡು ಕೇಳ್ತಿರ್ತೀಯಲ್ಲ, ನಂಗೂ ಕೇಳ್ಬೇಕು ಅನ್ನಿಸ್ತಿದೆ, ಯಾರಿಂದ ಶುರು ಮಾಡ್ಲಿ?" ಅಂದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅವಳಿಗೆ ಬರೆದು ಕಳಿಸಿದ ಪತ್ರವನ್ನೇ ಬೆಳೆಸಿ ಬರೆದಿದ್ದೇನೆ.

ನಾನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಒಂಬತ್ತು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ಮೆಕ್ಸಿಕೊದ ಮೊಂತೆರ್ರೇ ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದರು. ನನ್ನನ್ನು 'ಮಿಹಾ' ಅಂತ ಕರೆಯುತ್ತಿದ್ದರು, ಅಂದರೆ 'ಮಗಳೇ' ಅಂತ. ಡಿಸೆಂಬರ್ ಬಂತೆಂದರೆ ಅವರ ಅಡುಗೆಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ತಮಾಲೆ ಮಾಡುತ್ತಿದ್ದೆವು. ಮೆಕ್ಕೆಜೋಳದ ಹಿಟ್ಟನ್ನು ಮೆಕ್ಕೆಜೋಳದ ತೆನೆಯ ಸಿಪ್ಪೆಗೆ ಸವರಿ, ಒಳಗೆ ಹೂರಣ ಇಟ್ಟು, ಮಡಿಸಿ ಹಬೆಯಲ್ಲಿ ಬೇಯಿಸುವುದು, ನಮ್ಮ ಎಲೆಗಡುಬಿನ ಹಾಗೆಯೇ. ಕೈ ಕೆಲಸ ಮಾಡುತ್ತಿದ್ದರೆ ಹಾಡು ಹರಿಯುತ್ತಿರಬೇಕು. ಅವರದೊಂದು ಪದ್ಧತಿ ಇತ್ತು. ಒಂದು ಹಾಡನ್ನು ಒಬ್ಬ ಗಾಯಕಿಯ ದನಿಯಲ್ಲಿ ಹಾಕುತ್ತಿದ್ದರು, ಅದು ಮುಗಿದ ಕೂಡಲೇ ಅದೇ ಹಾಡನ್ನು ಇನ್ನೊಬ್ಬರ ದನಿಯಲ್ಲಿ ಹಾಕಿ "ಈಗ ಹೇಳು, ನಿನಗೆ ಯಾರು ಬೇಕು?" ಅಂತ ಕೇಳುತ್ತಿದ್ದರು. ಹಾಡಿನ ಒಂದು ಪದವೂ ಅರ್ಥವಾಗದ ದಿನಗಳಲ್ಲೂ ನಾನು ಉತ್ತರ ಹೇಳುತ್ತಿದ್ದೆ. ಉತ್ತರ ಹೇಳಿ ಹೇಳಿಯೇ ಕಿವಿ ತಯಾರಾಯಿತು.

ಹಾಗಾಗಿ ನನ್ನ ಸಲಹೆಯೂ ಅದೇ. ಯಾರು ದೊಡ್ಡವರು, ಯಾರಿಗೆ ಎಷ್ಟು ಗ್ರ್ಯಾಮಿ ಬಂತು ಅಂತ ನೋಡಿ ಆರಿಸಿಕೊಳ್ಳಬೇಡಿ. ಆಪ್‌ಗಳಲ್ಲಿ ಸಿಗುವ ಐವತ್ತು ಹಾಡಿನ ಮಿಶ್ರ ಪಟ್ಟಿಯಿಂದ ಅಂತೂ ಶುರು ಮಾಡಲೇಬೇಡಿ. ಮೆಕ್ಸಿಕೊದ ರಾಂಚೆರಾ, ಕ್ಯೂಬಾದ ಬೊಲೇರೊ ಅನ್ನುವ ನಿಧಾನದ ಪ್ರೇಮಗೀತೆ, ಅರ್ಜೆಂಟೀನಾದ ಹೋರಾಟದ ಹಾಡು, ಎಲ್ಲ ಒಂದೇ ಬುಟ್ಟಿಯಲ್ಲಿ ಬಿದ್ದಿರುತ್ತವೆ, ಎಲ್ಲವೂ ಸುಮ್ನೆ 'ಸ್ಪ್ಯಾನಿಷ್ ಹಾಡು' ಅನ್ನಿಸಿಬಿಡುತ್ತದೆ. ಜೋಡಿಯಾಗಿ ಕೇಳಿ. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅವರ ಹಿಂದೆ ಯಾರಿದ್ದರು, ಅವರಿಂದ ಯಾರು ಕಲಿತರು ಅನ್ನುವ ದಾರಿ ತಾನಾಗಿಯೇ ತೆರೆಯುತ್ತದೆ.

ಭಾಷೆಯ ಭಯ ಬೇಡ. ಸ್ಪ್ಯಾನಿಷ್‌ನಲ್ಲಿ ಅ, ಎ, ಇ, ಒ, ಉ ಐದೇ ಸ್ವರ, ಐದೂ ಸ್ಪಷ್ಟ. ಎಷ್ಟೋ ಪದಗಳು ನಮ್ಮ ಪದಗಳ ಹಾಗೆ ಸ್ವರದಲ್ಲೇ ಮುಗಿಯುತ್ತವೆ, ಹಾಗಾಗಿ ಕನ್ನಡದ ಬಾಯಿಗೆ ಬೇಗ ಹತ್ತುತ್ತದೆ. ಕೇಳುವ ಮೊದಲು ಹಾಡಿನ ಅರ್ಥವನ್ನು ಒಂದು ಸಲ ಓದಿಕೊಳ್ಳಿ, ಅಷ್ಟು ಸಾಕು.

ಲೋಲಾ ಬೆಲ್ಟ್ರಾನ್ ಅಥವಾ ಚಾವೆಲಾ ವರ್ಗಾಸ್

ಮೆಕ್ಸಿಕೊದಿಂದಲೇ ಶುರು ಮಾಡೋಣ. ಇದು ನನಗೆ ಎಲ್ಲಕ್ಕಿಂತ ಹತ್ತಿರದ ಜೋಡಿ, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ರಾಂಚೆರಾ ಅಂದರೆ ಹಳ್ಳಿಗಾಡಿನ ಹಾಡು. ಪ್ರೀತಿ, ಮೋಸ, ಊರು, ಕುಡಿತ, ಹಟ, ಇವೇ ಅದರ ವಸ್ತು. ಹಿಂದೆ ಮರಿಯಾಚಿ ಮೇಳ ಇರುತ್ತದೆ: ಪಿಟೀಲುಗಳು, ಟ್ರಂಪೆಟ್, ಗಿಟಾರ್, ವಿಹುವೇಲಾ ಅನ್ನುವ ಐದು ತಂತಿಯ ಚಿಕ್ಕ ವಾದ್ಯ, ಮತ್ತು ಗಿಟರ್ರೋನ್ ಅನ್ನುವ ದೊಡ್ಡ ಹೊಟ್ಟೆಯ ಮಂದ್ರದ ವಾದ್ಯ. ಈ ಅಬ್ಬರದ ಮೇಲೆ ಹೆಂಗಸಿನ ದನಿ ನಿಲ್ಲಬೇಕು. ಹಾಗೆ ನಿಲ್ಲಿಸಿ ತೋರಿಸಿದವರು ಲೂಚಾ ರೇಯೆಸ್. 1906ರಲ್ಲಿ ಗ್ವಾದಲಹಾರಾದಲ್ಲಿ ಹುಟ್ಟಿದವರು, ಮೊದಲು ಮೆಲುವಾದ ಎತ್ತರದ ದನಿಯಲ್ಲಿ ಹಾಡುತ್ತಿದ್ದರು. 1920ರ ದಶಕದಲ್ಲಿ ಯುರೋಪ್ ಪ್ರವಾಸಕ್ಕೆ ಹೋದಾಗ ಗಂಟಲು ಕೆಟ್ಟು ದನಿಯೇ ಹೋಯಿತು. ವಾಪಸ್ ಬಂದ ದನಿ ಒರಟಾಗಿತ್ತು, ಒಡೆದಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಆ ಒರಟನ್ನೇ ಹಿಡಿದು, ಕೂಗಿ, ನಕ್ಕು, ಬಿಕ್ಕಿ ಹಾಡಿದರು. ಹೆಂಗಸು ಹೀಗೂ ರಾಂಚೆರಾ ಹಾಡಬಹುದು ಅಂತ ಮೆಕ್ಸಿಕೊ ಮೊದಲ ಸಲ ಕೇಳಿಸಿಕೊಂಡಿತು. 1944ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಹೋದರು. ಅವರ ಮುದ್ರಿಕೆಗಳು ಹಳೆಯವು, ಸದ್ದು ಜಾಸ್ತಿ ಇರುತ್ತದೆ, ಮೊದಲ ದಿನವೇ ಕೇಳಿದರೆ ಕಿವಿ ಒಪ್ಪದೆ ಇರಬಹುದು. ಆದರೆ ಮುಂದೆ ಬರುವ ಎಲ್ಲರ ಗಂಟಲಲ್ಲೂ ಅವರಿದ್ದಾರೆ ಅನ್ನುವುದು ನೆನಪಿರಲಿ.

ಲೋಲಾ ಬೆಲ್ಟ್ರಾನ್ ಹುಟ್ಟಿದ್ದು 1932ರಲ್ಲಿ, ಸಿನಲೋವಾ ರಾಜ್ಯದ ಎಲ್ ರೊಸಾರಿಯೊ ಅನ್ನುವ ಗಣಿ ಊರಿನಲ್ಲಿ. ಮೆಕ್ಸಿಕೊ ನಗರಕ್ಕೆ ಬಂದು ಎಕ್ಸ್‌ಇಡಬ್ಲ್ಯೂ ರೇಡಿಯೊ ಕೇಂದ್ರದಲ್ಲಿ ಸೆಕ್ರೆಟರಿ ಕೆಲಸಕ್ಕೆ ಸೇರಿದರು. ಅಲ್ಲಿಂದಲೇ ಮೈಕಿನ ಮುಂದೆ ಬಂದರು. ಜನ ಅವರನ್ನು 'ಲೋಲಾ ಲಾ ಗ್ರಾಂದೆ' ಅನ್ನುತ್ತಿದ್ದರು, ದೊಡ್ಡ ಲೋಲಾ ಅಂತ. ನಿಜಕ್ಕೂ ದೊಡ್ಡ ದನಿ. ತೋಮಾಸ್ ಮೆಂದೆಸ್ ಬರೆದ 'ಕುಕುರ್ರುಕುಕೂ ಪಲೋಮಾ' ಕೇಳಿ. ಪಾರಿವಾಳದ ಗುಟುರನ್ನೇ ಪಲ್ಲವಿ ಮಾಡಿದ ಹಾಡು. ವಾಪಾಂಗೊ ಶೈಲಿಯದ್ದು, ಅಂದರೆ ಎದೆಯ ದನಿಯಿಂದ ಒಮ್ಮೆಗೇ ಮೇಲಕ್ಕೆ ಹಾರಿ ಕಳ್ಳದನಿಯಲ್ಲಿ ನಿಲ್ಲಬೇಕು. ಲೋಲಾ ಅಲ್ಲಿಗೆ ಹಾರಿ ನಿಂತರೆ ಇಳಿಯುವುದೇ ಇಲ್ಲ. ನೀವು ಉಸಿರು ಬಿಗಿಹಿಡಿದು ಕೂತಿರುತ್ತೀರಿ, ಅವರಿಗೆ ಮಾತ್ರ ಉಸಿರಿನ ಚಿಂತೆಯೇ ಇದ್ದಂತಿಲ್ಲ.

ಚಾವೆಲಾ ವರ್ಗಾಸ್ ಇದರ ಪೂರ್ತಿ ಎದುರು ದಿಕ್ಕು. ಹುಟ್ಟಿದ್ದು 1919ರಲ್ಲಿ ಕೋಸ್ಟರೀಕಾದಲ್ಲಿ, ಹದಿಹರೆಯದಲ್ಲೇ ಮೆಕ್ಸಿಕೊಗೆ ಬಂದರು, ಅಲ್ಲಿಯವರೇ ಆಗಿಹೋದರು. ಪ್ಯಾಂಟು ತೊಟ್ಟು, ಮೇಲೆ ಕೆಂಪು ಕಂಬಳಿಯಂಥ ಹೊದಿಕೆ ಹೊದ್ದು ಹಾಡುತ್ತಿದ್ದರು. ಮರಿಯಾಚಿ ಮೇಳವನ್ನು ಪೂರ್ತಿ ಕಳಚಿ ಹಾಕಿದರು. ಟ್ರಂಪೆಟ್ ಇಲ್ಲ, ಪಿಟೀಲು ಇಲ್ಲ, ಒಂದೋ ಎರಡೋ ಗಿಟಾರ್, ಅಷ್ಟೇ. ತಾಳವನ್ನೂ ಬೇಕಾದ ಹಾಗೆ ಎಳೆದರು. ಗಂಡಸರು ಹೆಂಗಸರಿಗಾಗಿ ಬರೆದ ಪ್ರೇಮದ ಹಾಡುಗಳನ್ನು ಉಳಿದ ಗಾಯಕಿಯರು 'ಅವಳು' ಇದ್ದಲ್ಲಿ 'ಅವನು' ಅಂತ ತಿದ್ದಿಕೊಂಡು ಹಾಡುತ್ತಿದ್ದ ಕಾಲ ಅದು. ಚಾವೆಲಾ ತಿದ್ದಲಿಲ್ಲ. ಇದ್ದದ್ದು ಇದ್ದ ಹಾಗೆ, ಹೆಣ್ಣಿಗೇ ಹಾಡಿದರು. ತಾನು ಹೆಣ್ಣನ್ನು ಪ್ರೀತಿಸುವವಳು ಅಂತ ಬಾಯಿಬಿಟ್ಟು ಹೇಳಿದ್ದು 2000ದಲ್ಲಿ, ಎಂಬತ್ತು ದಾಟಿದ ಮೇಲೆ. ಹಾಡು ಮಾತ್ರ ಅದನ್ನು ಎಷ್ಟೋ ಮೊದಲೇ ಹೇಳಿತ್ತು.

ನಡುವೆ ಕುಡಿತಕ್ಕೆ ಸಿಕ್ಕಿ ವರ್ಷಗಟ್ಟಲೆ ವೇದಿಕೆಯಿಂದ ಕಾಣೆಯಾಗಿದ್ದರು. ಸತ್ತೇ ಹೋಗಿದ್ದಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. 1990ರ ದಶಕದ ಶುರುವಿನಲ್ಲಿ ಮೆಕ್ಸಿಕೊ ನಗರದ ಕೊಯೊವಕಾನ್‌ನ ಒಂದು ಚಿಕ್ಕ ರಂಗಮಂದಿರದಲ್ಲಿ ಮತ್ತೆ ಹಾಡಲು ನಿಂತರು. ಸ್ಪೇನಿನ ಚಿತ್ರ ನಿರ್ದೇಶಕ ಪೆದ್ರೊ ಅಲ್ಮೊದೋವರ್ ಚಾವೆಲಾರನ್ನು ತಮ್ಮ ದೇಶದಲ್ಲಿ ಮೆರೆಸಿದರು. 2003ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಸಲ ಹಾಡಿದರು. 2012ರಲ್ಲಿ ತೀರಿಕೊಂಡರು. ಹಾಗಾಗಿ ಚಾವೆಲಾರನ್ನು ಕೇಳುವಾಗ ಯಾವ ಕಾಲದ ಮುದ್ರಿಕೆ ಅಂತ ನೋಡಿಕೊಳ್ಳಿ. 1960ರ ದಶಕದ ದನಿ ದಟ್ಟ, ನುಣುಪು, ಸೊಕ್ಕಿನದು. ಮರಳಿ ಬಂದ ಮೇಲಿನದು ಸುಟ್ಟ ದನಿ, ಕೆಲವು ಸಾಲು ಹಾಡುವುದೇ ಇಲ್ಲ, ಪಿಸುಗುಟ್ಟುತ್ತಾರೆ. ನನಗೆ ಎರಡನೆಯದೇ ಇಷ್ಟ.

ಈಗ ಹೋಲಿಕೆ. ಇದೇ ತೋಮಾಸ್ ಮೆಂದೆಸ್ ಬರೆದ 'ಪಲೋಮಾ ನೇಗ್ರಾ' ಅಂತ ಇನ್ನೊಂದು ಹಾಡಿದೆ, ಕಪ್ಪು ಪಾರಿವಾಳ ಅಂತ ಅರ್ಥ. ರಾತ್ರಿಯೆಲ್ಲ ಮನೆಗೆ ಬಾರದ ಜೀವಕ್ಕಾಗಿ ಕಾಯುವ ಸಂಕಟ. ಇಬ್ಬರೂ ಹಾಡಿದ್ದಾರೆ. ಲೋಲಾ ಹಾಡಿದರೆ ಆ ಸಂಕಟ ಇಡೀ ಊರಿಗೆ ಕೇಳುತ್ತದೆ, ಬಾಗಿಲು ತೆಗೆದು ಬೀದಿಗೆ ಬಂದು ನಿಂತ ಹೆಂಗಸು. ಚಾವೆಲಾ ಹಾಡಿದರೆ ಬಾಗಿಲು ಹಾಕಿದೆ, ದೀಪ ಆರಿದೆ, ಒಳಗೆ ಒಬ್ಬರೇ ಇದ್ದಾರೆ.

ಯಾರನ್ನು ಮೊದಲು? ಚಾವೆಲಾ ಹೆಸರು ಹೊರಗೆ ಜಾಸ್ತಿ ಗೊತ್ತು, ಅದಕ್ಕೆ ಎಲ್ಲರೂ ಅವರಿಂದಲೇ ಶುರು ಮಾಡುತ್ತಾರೆ. ನಾನು ಹೇಳುವುದು ಲೋಲಾ ಮೊದಲು. ತುಂಬಿದ ಮೇಳವನ್ನು ಒಂದು ವಾರವಾದರೂ ಕೇಳದೆ ಹೋದರೆ ಚಾವೆಲಾ ಏನನ್ನು ತೆಗೆದುಹಾಕಿದರು ಅನ್ನುವುದೇ ಗೊತ್ತಾಗುವುದಿಲ್ಲ. ಟ್ರಂಪೆಟ್ ಬರಬೇಕಾದ ಜಾಗದಲ್ಲಿ ಅವರು ಸುಮ್ಮನಿರುತ್ತಾರಲ್ಲ, ಆ ಖಾಲಿ ಜಾಗ ಕೇಳಿಸಬೇಕು ಅಂದರೆ ಟ್ರಂಪೆಟ್ ನಿಮ್ಮ ಕಿವಿಯಲ್ಲಿ ಮೊದಲೇ ಕೂತಿರಬೇಕು.

ಲಿಂಡಾ ರಾನ್‌ಸ್ಟಾಟ್ ಅಥವಾ ಸೆಲೀನಾ

ಇಬ್ಬರೂ ಅಮೆರಿಕದಲ್ಲಿ ಹುಟ್ಟಿ ಬೆಳೆದವರು. ಇಬ್ಬರಿಗೂ ದಿನದ ಮಾತು ಇಂಗ್ಲಿಷ್. ಇಬ್ಬರೂ ಸ್ಪ್ಯಾನಿಷ್‌ನಲ್ಲಿ ಹಾಡಿ ಮನೆಮಾತಾದರು, ಆದರೆ ಹೋದ ದಾರಿ ಬೇರೆ ಬೇರೆ.

ಇವರಿಬ್ಬರ ಮುಂಚೆ ಒಂದು ಹೆಸರು ಹೇಳಲೇಬೇಕು, ಲಿಡಿಯಾ ಮೆಂಡೋಸಾ. 1916ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿದವರು. ಹನ್ನೆರಡು ತಂತಿಯ ಗಿಟಾರ್ ಹಿಡಿದು ಮನೆಯವರ ಜೊತೆ ಊರೂರು ತಿರುಗಿ, ಸಂತೆಯಲ್ಲಿ, ಕೂಲಿಕಾರರ ನಡುವೆ ಹಾಡಿದವರು. 1934ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮುದ್ರಿಸಿದ 'ಮಾಲ್ ಓಂಬ್ರೆ' ಅವರನ್ನು ಗಡಿಯ ಎರಡೂ ಕಡೆ ಪ್ರಸಿದ್ಧಿ ಮಾಡಿತು. ಆ ಹಾಡಿನ ಸಾಹಿತ್ಯ ಅವರಿಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಚಿಕ್ಕವರಿದ್ದಾಗ, ಚ್ಯೂಯಿಂಗ್ ಗಮ್ ಸುತ್ತಿದ ಕಾಗದದ ಮೇಲೆ. ಆಗ ಗಮ್ ಕಾಗದದ ಮೇಲೆ ಹಾಡು ಅಚ್ಚು ಹಾಕುತ್ತಿದ್ದರು, ಅವರು ಅವನ್ನು ಕೂಡಿಡುತ್ತಿದ್ದರು. ನನ್ನ ಪಕ್ಕದ ಮನೆಯವರ ತಾಯಿ ಲಿಡಿಯಾ ಅವರನ್ನು ಎದುರಿಗೇ ನೋಡಿದ್ದರಂತೆ. ಅದನ್ನು ಹೇಳುವಾಗ ಅವರ ದನಿ ಬದಲಾಗುತ್ತಿತ್ತು.

ಲಿಂಡಾ ರಾನ್‌ಸ್ಟಾಟ್ 1946ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಹುಟ್ಟಿದರು. ಅಜ್ಜ ಮೆಕ್ಸಿಕೊದ ಸೊನೋರಾ ರಾಜ್ಯದಿಂದ ಬಂದವರು. 1970ರ ದಶಕದಲ್ಲಿ ಇಂಗ್ಲಿಷ್ ರಾಕ್ ಹಾಡಿ ದೊಡ್ಡ ತಾರೆಯಾಗಿದ್ದವರು, 1987ರಲ್ಲಿ ಒಮ್ಮೆಗೇ ಮರಿಯಾಚಿ ಹಾಡುಗಳ ಆಲ್ಬಮ್ ಮಾಡಿದರು, 'ಕಾನ್ಸಿಯೋನೆಸ್ ದೆ ಮಿ ಪಾದ್ರೆ', ಅಂದರೆ ನನ್ನ ಅಪ್ಪನ ಹಾಡುಗಳು. ಆ ಹೆಸರು ಅವರದಲ್ಲ. ಅವರ ಸೋದರತ್ತೆ ಲೂಯಿಸಾ ಎಸ್ಪಿನೆಲ್ 1946ರಲ್ಲಿ ಮನೆತನದ ಹಾಡುಗಳನ್ನು ಸೇರಿಸಿ ತಂದ ಪುಟ್ಟ ಪುಸ್ತಕದ ಹೆಸರು. ಹಿಂದೆ ನುಡಿಸಿದವರು ಮರಿಯಾಚಿ ವರ್ಗಾಸ್ ದೆ ತೆಕಲಿತ್ಲಾನ್‌ನಂಥ ಮೇಳದವರು, ಜೋಡಿಸಿದವರು ರುಬೇನ್ ಫ್ವೆಂತೆಸ್. ಅಮೆರಿಕದಲ್ಲಿ ಇಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಇಂಗ್ಲಿಷ್ ಅಲ್ಲದ ಒಂದು ಆಲ್ಬಮ್‌ಗೆ ಆ ದೇಶದಲ್ಲಿ ಅದು ಬಹಳ ದೊಡ್ಡ ಲೆಕ್ಕ. ತನ್ನ ಗುರು ಯಾರು ಅಂದರೆ ಲೋಲಾ ಬೆಲ್ಟ್ರಾನ್ ಹೆಸರನ್ನೇ ಹೇಳುತ್ತಾರೆ. ಲೋಲಾರ ವಾರ ಮುಗಿಸಿ ಇದನ್ನು ಕೇಳಿದರೆ ಗುರುತು ಹತ್ತುತ್ತದೆ, ದನಿ ಮೇಲೆ ಹಾರಿ ನಿಲ್ಲುವ ರೀತಿ ಅದೇ. 2013ರಲ್ಲಿ ಅವರು ತನಗೆ ಪಾರ್ಕಿನ್ಸನ್ ಕಾಯಿಲೆ ಇದೆ, ಇನ್ನು ಹಾಡಲಾರೆ ಅಂತ ಹೇಳಿದರು. ಅದನ್ನು ತಿಳಿದುಕೊಂಡು ಕೇಳುವಾಗ ಆ ಉದ್ದ ಸ್ವರಗಳು ಇನ್ನೊಂದು ತರಹ ಕೇಳಿಸುತ್ತವೆ.

ಸೆಲೀನಾ ಕಿಂತಾನಿಯಾ ಬಗ್ಗೆ ಬರೆಯುವಾಗ ನನಗೆ 'ಅವರು' ಅನ್ನಲು ಆಗುವುದಿಲ್ಲ, ಟೆಕ್ಸಾಸ್‌ನಲ್ಲಿ ಎಲ್ಲರೂ ಅವಳನ್ನು ಮನೆ ಹುಡುಗಿಯ ಹಾಗೆಯೇ ಮಾತಾಡುತ್ತಾರೆ. 1971ರಲ್ಲಿ ಲೇಕ್ ಜ್ಯಾಕ್ಸನ್‌ನಲ್ಲಿ ಹುಟ್ಟಿದಳು. ಅಪ್ಪ ಹಿಂದೆ ಹಾಡುಗಾರ, ಅಣ್ಣ ಬೇಸ್ ಗಿಟಾರ್, ಅಕ್ಕ ಡ್ರಮ್ಸ್. ಅಪ್ಪನ ಹೋಟೆಲಿನಲ್ಲಿ ಹಾಡುತ್ತಿದ್ದರು, ಹೋಟೆಲ್ ಮುಚ್ಚಿತು, ಕಾರ್ಪಸ್ ಕ್ರಿಸ್ಟಿಗೆ ಹೋದರು, ಮದುವೆ ಮನೆಯಿಂದ ಜಾತ್ರೆಯವರೆಗೆ ಸಿಕ್ಕ ಕಡೆಯೆಲ್ಲ ಹಾಡಿದರು. ಅವಳಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಹಾಡಿನ ಸಾಲುಗಳನ್ನು ಸದ್ದು ಹಿಡಿದು ಬಾಯಿಪಾಠ ಮಾಡಿದಳು, ಮಾತು ಆಮೇಲೆ ಬಂತು. ಸ್ಯಾನ್ ಆಂಟೋನಿಯೊದಲ್ಲಿ ನಮ್ಮ ಮಕ್ಕಳು ರಾಜ್ಯೋತ್ಸವಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕನ್ನಡ ಹಾಡು ಕಲಿಯುತ್ತಿದ್ದಾಗ ನನಗೆ ಸೆಲೀನಾ ನೆನಪಾಗುತ್ತಿದ್ದಳು, ಮಕ್ಕಳಿಗೂ ಅವಳ ಕತೆ ಹೇಳಿದ್ದೇನೆ.

ಅವಳದು ತೆಹಾನೊ ಸಂಗೀತ, ಅಂದರೆ ಟೆಕ್ಸಾಸ್‌ನ ಮೆಕ್ಸಿಕನ್ನರದು. ಅದರಲ್ಲಿ ಜರ್ಮನ್ ವಲಸಿಗರ ಪೋಲ್ಕಾ ಇದೆ, ಕೊಲಂಬಿಯಾದಿಂದ ಮೆಕ್ಸಿಕೊ ದಾಟಿ ಬಂದ ಕುಂಬಿಯಾ ಇದೆ, ಅಮೆರಿಕದ ಪಾಪ್ ಇದೆ. 'ಕೋಮೊ ಲಾ ಫ್ಲೋರ್' ಹಾಕಿ, ಶುರುವಿನ ನಿಧಾನದ ಭಾಗ ದಾಟಿ ತಾಳ ಹಿಡಿದ ಕೂಡಲೇ ಕಾಲು ಸುಮ್ಮನಿರುವುದಿಲ್ಲ. ಮುಖ ನಗುತ್ತಿರುತ್ತದೆ, ಹಾಡು ಮಾತ್ರ ಬಾಡಿದ ಪ್ರೀತಿಯದು. 1994ರ 'ಅಮೋರ್ ಪ್ರೊಹಿಬಿದೊ' ಅವಳ ಅಜ್ಜಿಯ ಪ್ರೇಮಕತೆಯಿಂದ ಹುಟ್ಟಿದ್ದು. 1995ರ ಫೆಬ್ರವರಿ 26ರಂದು ಹ್ಯೂಸ್ಟನ್‌ನ ಆಸ್ಟ್ರೊಡೋಮ್‌ನಲ್ಲಿ 60 ಸಾವಿರಕ್ಕೂ ಜಾಸ್ತಿ ಜನರ ಮುಂದೆ ಹಾಡಿದಳು. ಮಾರ್ಚ್ 31ರಂದು, ಅವಳ ಅಭಿಮಾನಿ ಸಂಘ ನಡೆಸುತ್ತಿದ್ದ ಹೆಂಗಸೇ ಅವಳನ್ನು ಗುಂಡಿಟ್ಟು ಕೊಂದಳು. ಇಪ್ಪತ್ತಮೂರು ವರ್ಷ. ಇಂಗ್ಲಿಷ್ ಹಾಡುಗಳೂ ಇದ್ದ 'ಡ್ರೀಮಿಂಗ್ ಆಫ್ ಯು' ಅದೇ ವರ್ಷ ಬೇಸಿಗೆಯಲ್ಲಿ ಬಂದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇ ಏರಿತು.

ಇಲ್ಲಿ ಆಯ್ಕೆ ಸುಲಭ. ಹಳೆಯ ಹಾಡನ್ನು ಅಚ್ಚುಕಟ್ಟಾದ ಮುದ್ರಣದಲ್ಲಿ, ಒಳ್ಳೆಯ ಹೆಡ್‌ಫೋನಿನಲ್ಲಿ ಕೂತು ಕೇಳಬೇಕು ಅನ್ನುವವರಿಗೆ ಲಿಂಡಾ. ಅಡುಗೆ ಮಾಡುತ್ತ, ಕಾರಿನಲ್ಲಿ, ಮಕ್ಕಳ ಜೊತೆ ಕುಣಿಯುತ್ತ ಕೇಳುವವರಿಗೆ ಸೆಲೀನಾ. ಆದರೆ ಸೆಲೀನಾಳನ್ನು ಇಂಗ್ಲಿಷ್ ಹಾಡುಗಳಿಂದ ಶುರು ಮಾಡಬೇಡಿ, ಅವು ಅವಳು ಹೋಗಬೇಕೆಂದಿದ್ದ ಕಡೆಗಿನ ಹಾಡುಗಳು. ಆಸ್ಟ್ರೊಡೋಮ್ ಕಾರ್ಯಕ್ರಮದ ವಿಡಿಯೊ ಸಿಗುತ್ತದೆ, ಅದನ್ನು ನೋಡಿ. ಅಷ್ಟು ದೊಡ್ಡ ಬಯಲಿನಲ್ಲಿ ಅವಳು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿರುವ ಹಾಗೆ ಇರುತ್ತದೆ.

ವಿಯೊಲೆತಾ ಪಾರ್ರಾ ಅಥವಾ ಮೆರ್ಸೆದೆಸ್ ಸೋಸಾ

ಮೆಕ್ಸಿಕೊ ಬಿಟ್ಟು ದಕ್ಷಿಣಕ್ಕೆ ಹೋಗೋಣ. ಇಲ್ಲೂ ಒಂದೇ ಹಾಡು, 'ಗ್ರಾಸಿಯಾಸ್ ಅ ಲಾ ವಿದಾ', ಬದುಕಿಗೆ ಧನ್ಯವಾದ ಹೇಳುವ ಹಾಡು. ಕಣ್ಣು, ಕಿವಿ, ಮಾತು, ಕಾಲು, ಒಂದೊಂದನ್ನೂ ಕೊಟ್ಟಿದ್ದಕ್ಕೆ ಬದುಕಿಗೆ ಋಣ ಹೇಳುತ್ತ ಹೋಗುತ್ತದೆ. ಬರೆದವರು ಚಿಲಿಯ ವಿಯೊಲೆತಾ ಪಾರ್ರಾ.

1917ರಲ್ಲಿ ಹುಟ್ಟಿದ ವಿಯೊಲೆತಾ 1950ರ ದಶಕದಲ್ಲಿ ಹಳ್ಳಿ ಹಳ್ಳಿ ತಿರುಗಿ ಮುದುಕ ಮುದುಕಿಯರ ಬಾಯಿಂದ ಜನಪದ ಹಾಡು ಸಂಗ್ರಹಿಸಿದರು. ಹಾಡು ಮಾತ್ರ ಅಲ್ಲ, ಗೋಣಿಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಚಿತ್ರ ಹೊಲಿದರು, 1964ರಲ್ಲಿ ಅವು ಪ್ಯಾರಿಸ್‌ನಲ್ಲಿ ಲೂವ್ರ್ ಕಟ್ಟಡದ ಅಲಂಕಾರ ಕಲೆಗಳ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. ಸಾಂತಿಯಾಗೊದ ಅಂಚಿನಲ್ಲಿ ಒಂದು ದೊಡ್ಡ ಡೇರೆ ಹಾಕಿ ಅದರೊಳಗೇ ಹಾಡಿನ ಮನೆ ನಡೆಸಿದರು. 1966ರಲ್ಲಿ ಈ ಹಾಡು ಬಂತು. ಮುಂದಿನ ವರ್ಷ ಫೆಬ್ರವರಿ 5ರಂದು ಅದೇ ಡೇರೆಯಲ್ಲಿ ತಾವಾಗಿಯೇ ಜೀವ ತೆಗೆದುಕೊಂಡರು. ಬದುಕಿಗೆ ಧನ್ಯವಾದ ಹೇಳಿದ ಕೈಯೇ ಹೀಗೆ ಮಾಡಿತು ಅನ್ನುವುದನ್ನು ನಾನು ಎಷ್ಟು ಸಲ ಯೋಚಿಸಿದರೂ ಹಾಡು ಸುಳ್ಳು ಅನ್ನಿಸಿಲ್ಲ. ಅವರು ಹಾಡಿದ ಮುದ್ರಿಕೆಯಲ್ಲಿ ಚರಾಂಗೊ ಅನ್ನುವ ಪುಟ್ಟ ತಂತಿವಾದ್ಯ ಇದೆ, ದನಿ ತೆಳು, ಏರಿಳಿತ ಕಮ್ಮಿ. ಲೆಕ್ಕ ಒಪ್ಪಿಸುವ ಹಾಗೆ ಹಾಡುತ್ತಾರೆ.

ಅದನ್ನೇ ಅರ್ಜೆಂಟೀನಾದ ಮೆರ್ಸೆದೆಸ್ ಸೋಸಾ 1971ರಲ್ಲಿ ವಿಯೊಲೆತಾ ಹಾಡುಗಳದ್ದೇ ಆಲ್ಬಮ್ ಮಾಡಿ ಹಾಡಿದರು. ಅಲ್ಲಿಂದ ಅದು ಇಡೀ ಖಂಡದ ಹಾಡಾಯಿತು. ಮೆರ್ಸೆದೆಸ್ ತುಕುಮಾನ್‌ನವರು, 1935ರಲ್ಲಿ ಹುಟ್ಟಿದವರು, ಬಡವರ ಮನೆಯವರು. ಅವರ ದನಿ ನೆಲದಡಿಯಿಂದ ಬರುತ್ತದೆ. ಎದೆಗೆ ಬೊಂಬೊ ಅನ್ನುವ ಮರದ ಚರ್ಮವಾದ್ಯ ಆನಿಸಿಕೊಂಡು ನಿಧಾನಕ್ಕೆ ಬಡಿಯುತ್ತ ಹಾಡಿದರೆ ಕೂತ ಜಾಗ ನಡುಗಿದ ಹಾಗಾಗುತ್ತದೆ. ಅವರು ಹಾಡು ಬರೆಯುವವರಲ್ಲ, ಬೇರೆಯವರ ಹಾಡನ್ನು ಎತ್ತಿಕೊಂಡು ಜನರಿಗೆ ಮುಟ್ಟಿಸುವವರು. ಸೈನಿಕ ಸರ್ಕಾರದ ಕಾಲದಲ್ಲಿ ಲಾ ಪ್ಲಾತಾ ಊರಿನ ಕಾರ್ಯಕ್ರಮಕ್ಕೆ ಪೊಲೀಸರು ನುಗ್ಗಿ ಅವರನ್ನೂ ಕೇಳಲು ಬಂದವರನ್ನೂ ಸೇರಿಸಿ ಬಂಧಿಸಿದರು. 1979ರಲ್ಲಿ ದೇಶ ಬಿಟ್ಟು ಮೊದಲು ಪ್ಯಾರಿಸ್, ಆಮೇಲೆ ಮ್ಯಾಡ್ರಿಡ್‌ನಲ್ಲಿ ಇದ್ದರು. 1982ರ ಫೆಬ್ರವರಿಯಲ್ಲಿ, ಸೈನಿಕರು ಇನ್ನೂ ಅಧಿಕಾರದಲ್ಲಿ ಇದ್ದಾಗಲೇ ವಾಪಸ್ ಬಂದು ಬ್ಯೂನಸ್ ಐರಿಸ್‌ನ ತೆಯಾತ್ರೊ ಓಪೆರಾದಲ್ಲಿ ಸಾಲು ಸಾಲು ಕಾರ್ಯಕ್ರಮ ಕೊಟ್ಟರು. ಆ ಮುದ್ರಿಕೆ ಸಿಗುತ್ತದೆ. ಸಾಧ್ಯವಾದರೆ ಅದನ್ನೇ ಕೇಳಿ, ಜನರ ಕೂಗೂ ಹಾಡಿನ ಭಾಗವೇ ಆಗಿದೆ.

ಮೆಕ್ಸಿಕೊದಲ್ಲಿ ದೊಡ್ಡ ದನಿಯಿಂದ ಸಣ್ಣ ದನಿಗೆ ಹೋಗಿ ಅಂದೆ. ಇಲ್ಲಿ ತಿರುಗಾಮುರುಗಾ. ವಿಯೊಲೆತಾ ಮೊದಲು. ಮೆರ್ಸೆದೆಸ್ ದನಿ ಒಮ್ಮೆ ಕಿವಿ ತುಂಬಿದರೆ ಆಮೇಲೆ ವಿಯೊಲೆತಾ ಬರೀ ಮೂಲಪ್ರತಿಯ ಹಾಗೆ ಕೇಳಿಸಿಬಿಡುತ್ತದೆ, ಅದು ಅನ್ಯಾಯ. ಮೊದಲು ಬರೆದವಳ ಬಾಯಿಂದ ಕೇಳಿ, ಎರಡು ಮೂರು ದಿನ ಬಿಡಿ, ಆಮೇಲೆ ಮೆರ್ಸೆದೆಸ್.

ಸೆಲಿಯಾ ಕ್ರೂಸ್ ಅಥವಾ ಓಮಾರಾ ಪೋರ್ತುವೊಂದೊ

ಕ್ಯೂಬಾದ ಜೋಡಿ. ಇದನ್ನು ಬೇಗ ಹೇಳಿಬಿಡುತ್ತೇನೆ, ಇಲ್ಲಿ ಗೊಂದಲವೇ ಇಲ್ಲ: ಹಗಲಿಗೆ ಸೆಲಿಯಾ, ರಾತ್ರಿಗೆ ಓಮಾರಾ.

ಸೆಲಿಯಾ 1925ರಲ್ಲಿ ಹವಾನಾದಲ್ಲಿ ಹುಟ್ಟಿ, 1950ರಿಂದ ಸೊನೋರಾ ಮತಾನ್ಸೇರಾ ತಂಡದಲ್ಲಿ ಹಾಡಿ, 1960ರ ಜುಲೈನಲ್ಲಿ ತಂಡದ ಜೊತೆ ಮೆಕ್ಸಿಕೊಗೆ ಹೋದವರು, ಮತ್ತೆ ಊರಿಗೆ ಮರಳಿ ಬದುಕಲು ಆಗಲಿಲ್ಲ. 1962ರಲ್ಲಿ ಅಮ್ಮ ತೀರಿಕೊಂಡಾಗ ಮಣ್ಣಿಗೆ ಹೋಗಲೂ ಕ್ಯೂಬಾ ಸರ್ಕಾರ ಬಿಡಲಿಲ್ಲ. 1974ರಲ್ಲಿ ಜಾನಿ ಪಚೇಕೊ ಜೊತೆ ಮಾಡಿದ ಆಲ್ಬಮ್‌ನಲ್ಲಿರುವ 'ಕಿಂಬಾರಾ' ಕೇಳುವ ಮೊದಲು ಕ್ಲಾವೆ ಕಲಿಯಿರಿ. ಐದು ಚಪ್ಪಾಳೆಯ ಲೆಕ್ಕ, ಮೂರು ಬಿಡಿಬಿಡಿಯಾಗಿ, ಎರಡು ಹತ್ತಿರ ಹತ್ತಿರ, ಮತ್ತೆ ಅದೇ. ಕೈಯಲ್ಲಿ ಅದನ್ನು ಬಿಡದೆ ಹಿಡಿದರೆ ಅವರ ದನಿ ಅದರ ಸುತ್ತ ಹೇಗೆ ಸುತ್ತುತ್ತದೆ ಅಂತ ಗೊತ್ತಾಗುತ್ತದೆ. ನಡುನಡುವೆ 'ಅಸೂಕರ್' ಅಂತ ಕೂಗುತ್ತಾರಲ್ಲ, ಸಕ್ಕರೆ ಅಂತ ಅರ್ಥ. ಮಯಾಮಿಯ ಹೋಟೆಲೊಂದರಲ್ಲಿ ಮಾಣಿ ಕಾಫಿಗೆ ಸಕ್ಕರೆ ಬೇಕಾ ಅಂತ ಕೇಳಿದ್ದ, ಕ್ಯೂಬಾದವಳಿಗೆ ಇದನ್ನು ಕೇಳಬೇಕಾ ಅಂತ ಅವರು ಅದನ್ನೇ ಕತೆ ಮಾಡಿ ವೇದಿಕೆಯಲ್ಲಿ ಹೇಳತೊಡಗಿದರು. ಹೇಳಿ ಹೇಳಿ ಕೊನೆಗೆ ಕತೆ ಬಿಟ್ಟು ಆ ಒಂದು ಪದ ಮಾತ್ರ ಉಳಿಯಿತು.

ಓಮಾರಾ ಕ್ಯೂಬಾದಲ್ಲೇ ಉಳಿದರು. ಕ್ಯೂಬಾದ ಹಿರಿಯ ಸಂಗೀತಗಾರರು ಸೇರಿ ಮಾಡಿದ 1997ರ ಬ್ಯುಯೆನಾ ವಿಸ್ತಾ ಸೋಶಿಯಲ್ ಕ್ಲಬ್ ಆಲ್ಬಮ್‌ನಲ್ಲಿ ಅವರು ಹಾಡಿದ 'ವೇಯಿಂತೆ ಆನ್ಯೊಸ್' ಮರಿಯಾ ತೆರೇಸಾ ವೇರಾ ರಾಗ ಹಾಕಿದ ಹಳೆಯ ಹಾಡು. ಇಪ್ಪತ್ತು ವರ್ಷದ ಹಿಂದಿನ ಪ್ರೀತಿಯ ನೆನಪು. ಊಟವಾದ ಮೇಲೆ, ದೀಪ ಸಣ್ಣದು ಮಾಡಿ ಕೇಳಿ.

ಲೀಲಾ ಡೌನ್ಸ್ ಅಥವಾ ನತಾಲಿಯಾ ಲಾಫೂರ್ಕಾದ್

"ಹಳೆಯವರೆಲ್ಲ ಆಯ್ತು, ಈಗಿನವರನ್ನು ಹೇಳು" ಅಂದಳು ಅಕ್ಕನ ಮಗಳು. ಇವತ್ತಿನ ಮೆಕ್ಸಿಕೊದಲ್ಲಿ ನಾನು ಹೇಳುವುದು ಈ ಇಬ್ಬರನ್ನು. ಅಕಾರ್ಡಿಯನ್ ಹಿಡಿದು ಪಾಪ್ ಹಾಡುವ ತಿಹ್ವಾನಾದ ಹುಲಿಯೆತಾ ವೆನೇಗಾಸ್ ಕೂಡ ಇಷ್ಟವೇ, ಹಗುರವಾಗಿ ಬೇಕು ಅನ್ನುವವರು ಅವರ 2006ರ 'ಲಿಮೋನ್ ಈ ಸಾಲ್' ಆಲ್ಬಮ್ ಹಿಡಿಯಬಹುದು.

ಹೋಲಿಕೆಗೆ ಹಾಡು 'ಲಾ ಯೊರೋನಾ', ಅಳುವವಳು ಅಂತ. ದಕ್ಷಿಣ ಮೆಕ್ಸಿಕೊದ ವಾಹಾಕಾ ರಾಜ್ಯದ ತೆವಾಂತೆಪೆಕ್ ಕಡೆಯ ಜನಪದ. ಇದಕ್ಕೆ ಇಷ್ಟೇ ಚರಣ ಅಂತ ಇಲ್ಲ, ಹಾಡುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೇ ಇದು ಹೋಲಿಸಲು ಬಹಳ ಒಳ್ಳೆಯದು, ಯಾರು ಯಾವ ಚರಣ ಇಟ್ಟುಕೊಂಡರು ಅನ್ನುವುದರಲ್ಲೇ ಅವರ ಮನಸ್ಸು ಗೊತ್ತಾಗುತ್ತದೆ. ಚಾವೆಲಾ ಇದನ್ನು ಹಾಡಿದ ರೀತಿ ಇಬ್ಬರ ಮುಂದೆಯೂ ನಿಂತಿದೆ.

ಲೀಲಾ ಡೌನ್ಸ್ 1968ರಲ್ಲಿ ವಾಹಾಕಾದ ತ್ಲಾಹಿಯಾಕೊದಲ್ಲಿ ಹುಟ್ಟಿದರು. ಅಮ್ಮ ಮಿಸ್ತೆಕ್ ಜನಾಂಗದ ಗಾಯಕಿ, ಅಪ್ಪ ಅಮೆರಿಕದ ಪ್ರೊಫೆಸರ್. ಸ್ಪ್ಯಾನಿಷ್ ಜೊತೆಗೆ ಮಿಸ್ತೆಕ್, ಸಪೋತೆಕ್, ನಾವಾತ್ಲ್ ಹೀಗೆ ಅಲ್ಲಿನ ಮೂಲ ಭಾಷೆಗಳಲ್ಲೂ ಹಾಡುತ್ತಾರೆ. ಅಮೆರಿಕದಲ್ಲಿ ಓದಿ ಊರಿಗೆ ಮರಳಿ ಅಮ್ಮನ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಮನುಷ್ಯ ಇಂಗ್ಲಿಷ್ ಕಾಗದವೊಂದನ್ನು ತಂದು ಓದಿ ಹೇಳು ಅಂದನಂತೆ. ಅದು ಗಡಿ ದಾಟಲು ಹೋಗಿ ನೀರಿನಲ್ಲಿ ಮುಳುಗಿದ ಅವನ ಮಗನ ಮರಣಪತ್ರ. ಅವರೇ ಹೇಳಿಕೊಂಡ ಸಂಗತಿ ಇದು. ಅಲ್ಲಿಂದ ಮುಂದೆ ವಲಸೆ ಹೋದವರ ಹಾಡು ಅವರನ್ನು ಬಿಟ್ಟಿಲ್ಲ. ದನಿ ಒಂದೇ ಹಾಡಿನಲ್ಲಿ ನೆಲಕ್ಕಿಳಿದು ಮುಗಿಲಿಗೆ ಹೋಗುತ್ತದೆ, ಅಜ್ಜಿಯೂ ಅವರೇ, ಮೊಮ್ಮಗಳೂ ಅವರೇ. ಕೆಲವರಿಗೆ ಇದು ಜಾಸ್ತಿ ನಾಟಕ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.

ನತಾಲಿಯಾ 1984ರವರು, ಬೆಳೆದದ್ದು ವೆರಾಕ್ರೂಸ್‌ನ ಕಾಫಿ ಸೀಮೆ ಕೊವಾತೆಪೆಕ್‌ನಲ್ಲಿ. ಚಿಕ್ಕವರಿದ್ದಾಗ ಕುದುರೆ ತಲೆಗೆ ಒದ್ದು ಪೆಟ್ಟಾಗಿತ್ತು, ಸಂಗೀತ ಟೀಚರ್ ಆಗಿದ್ದ ಅಮ್ಮ ಹಾಡು ಕಲಿಸುತ್ತಲೇ ಚೇತರಿಸಿಕೊಳ್ಳುವ ಹಾಗೆ ಮಾಡಿದರು. ದನಿ ಮೆಲು, ಪಕ್ಕದಲ್ಲಿ ಕೂತು ಹಾಡಿದ ಹಾಗೆ. ಶುರುವಿನಲ್ಲಿ ಪಾಪ್ ಹಾಡುತ್ತಿದ್ದರು, 2015ರ 'ಆಸ್ತಾ ಲಾ ರಾಯಿಸ್' ಹೊತ್ತಿಗೆ, ಅಂದರೆ 'ಬೇರಿನವರೆಗೂ' ಅನ್ನುವ ಹಾಡಿನ ಹೊತ್ತಿಗೆ, ತಿರುಗಿ ತಮ್ಮ ನೆಲದ ಕಡೆ ನಡೆದರು. ವೆರಾಕ್ರೂಸ್‌ನ ಸೋನ್ ಹರೋಚೊ ಸಂಗೀತಕ್ಕೆ ಹರಾನಾ ಅನ್ನುವ ಚಿಕ್ಕ ತಂತಿವಾದ್ಯ, ಕತ್ತೆಯ ದವಡೆ ಎಲುಬು, ಹಲಗೆಯ ಮೇಲೆ ಹೆಜ್ಜೆಯ ಸದ್ದು, ಇವೇ ಜೀವ. 2017ರ ಭೂಕಂಪದಲ್ಲಿ ಹಾಲ್ತಿಪಾನ್ ಊರಿನ ಸೋನ್ ಹರೋಚೊ ದಾಖಲೆ ಕೇಂದ್ರ ಹಾಳಾದಾಗ ಅದನ್ನು ಮತ್ತೆ ಕಟ್ಟಲು ದುಡ್ಡು ಸೇರಿಸುವುದಕ್ಕಾಗಿಯೇ 'ಉನ್ ಕಾಂತೊ ಪೋರ್ ಮೆಹಿಕೊ' ಆಲ್ಬಮ್ ಮಾಡಿದರು. 2020ರಲ್ಲಿ ಅದಕ್ಕೆ ಲ್ಯಾಟಿನ್ ಗ್ರ್ಯಾಮಿಯ ವರ್ಷದ ಆಲ್ಬಮ್ ಪ್ರಶಸ್ತಿ ಬಂತು.

ಈ ಇಬ್ಬರಲ್ಲಿ ನಮ್ಮ ಹುಡುಗಿಗೆ ನಾನು ಹೇಳಿದ್ದು ನತಾಲಿಯಾ. ಇಪ್ಪತ್ತೆರಡರ ವಯಸ್ಸಿಗೆ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳುವವಳಿಗೆ ಆ ಮೆಲುದನಿ ಬೇಗ ಹತ್ತಿರವಾಗುತ್ತದೆ. ಲೀಲಾ ಅವರನ್ನು ವೇದಿಕೆಯ ವಿಡಿಯೊದಲ್ಲಿ ನೋಡಬೇಕು, ಉಡುಪು, ಹೆಜ್ಜೆ, ಕೈ ಎಲ್ಲ ಸೇರಿಯೇ ಅವರ ಹಾಡು.

ನತಾಲಿಯಾ 2017ರಲ್ಲಿ ಮಾಡಿದ 'ಮೂಸಾಸ್' ಅನ್ನುವ ಆಲ್ಬಮ್‌ನಿಂದ ಶುರು ಮಾಡು ಅಂತ ಅವಳಿಗೆ ಬರೆದೆ. ಅದರಲ್ಲಿ ಗಿಟಾರ್ ನುಡಿಸಿದ ಇಬ್ಬರು ಹಿರಿಯರ ಹೆಸರು ಲೋಸ್ ಮಕೊರೀನೊಸ್. ಆ ಹೆಸರು ಬಂದದ್ದು ಚಾವೆಲಾ ಹಾಡುತ್ತಿದ್ದ 'ಮಕೊರೀನಾ' ಹಾಡಿನಿಂದ, ಯಾಕೆಂದರೆ ಇವರಿಬ್ಬರೂ ಚಾವೆಲಾರ ಕೊನೆಯ ವರ್ಷಗಳಲ್ಲಿ ಅವರ ಹಿಂದೆ ಕೂತು ನುಡಿಸುತ್ತಿದ್ದವರು. ಮೊದಲು ಚಾವೆಲಾರ ಮುಪ್ಪಿನ ಕಾಲದ ಒಂದು ಹಾಡು ಹಾಕು, ಆಮೇಲೆ ಇದನ್ನು ಹಾಕು, ದನಿ ಶುರುವಾಗುವ ಮೊದಲಿನ ತಂತಿಯ ಸದ್ದು ಮಾತ್ರ ಗಮನವಿಟ್ಟು ಕೇಳು ಅಂದೆ. ಎರಡು ದಿನ ಬಿಟ್ಟು ಅವಳ ಮೆಸೇಜ್ ಬಂತು: "ಚಿಕ್ಕಮ್ಮ, ಅದೇ ಕೈ ಅಲ್ವಾ?"